ಒದ್ದೆ ಥರ್ಮಾಮೀಟರಿನ ಬತ್ತಿ

ನಡುಗುರ್ಚಿಯಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಅಧ್ಯಕ್ಷರಾದ ರೇವಣಪ್ಪನವರೇ, ತೋಟಗಾರಿಕೆ ಇಲಾಖೆಯ ಅತಿಥಿಗಳೇ, ಕಡೂರು, ತರೀಕೆರೆಗಳಿಂದ ಬಸ್ಸು ಹಿಡಿದು ನಮ್ಮ ಅಜ್ಜಂಪುರಕ್ಕೆ ಬಂದಿರುವ ಮಾವು ಬೆಳೆಗಾರ ಬಂಧುಗಳೇ, ತಾಯಂದಿರೇ, ಸಭಿಕರೇ,

ಲೇಡೀಸ್ ಅಂಡ್ ಜಂಟಲ್‌ಮನ್ ಎಂದೂ ಸೇರಿಸಿಬಿಡುತ್ತೇನೆ. ಶಿವಮೊಗ್ಗದ ಕಾಲೇಜಿನಲ್ಲಿ ಎರಡು ವರ್ಷ ಓದಿದವನು ನಾನು. ಇಂಗ್ಲಿಷು ಪೂರ್ತಿ ಬರಲಿಲ್ಲ, ಬಂದದ್ದು ಪೂರ್ತಿ ಹೋಗಲೂ ಇಲ್ಲ.

ಈ ಶಾಲು, ಈ ಹಾರ ನನಗೇಕೆ? ಈ ವರ್ಷ, ಅಂದರೆ ಸಾವಿರದ ಒಂಬೈನೂರ ಎಂಬತ್ತೈದರಲ್ಲಿ, ನಮ್ಮ ಮಾವಿನ ಹೂವು ಬೂದಿ ರೋಗಕ್ಕೆ ಹೋಗದೆ ಉಳಿಯಿತು, ಕಲ್ಲೇಶಪ್ಪ ಮುಂಚೆಯೇ ಹೇಳಿದ, ಆದ್ದರಿಂದ ಶಾಲು. ನಾನು ಹೇಳಿದೆನೇ? ಪೆಟ್ಟಿಗೆ ಹೇಳಿತು. ಪೆಟ್ಟಿಗೆಗೆ ಹೇಳಲು ಕಲಿಸಿದವರು ಇನ್ನೊಬ್ಬರಿದ್ದಾರೆ. ಅವರು ಸಭೆಗೆ ಬಂದಿಲ್ಲ. ಅವರ ಒಂದು ಲಕೋಟೆ ಮಾತ್ರ ಬಂದಿದೆ, ಇಲ್ಲಿ ನನ್ನ ಜೇಬಿನಲ್ಲಿದೆ, ಇನ್ನೂ ಒಡೆದಿಲ್ಲ. ಆಫೀಶಿಯಲ್ ಮ್ಯಾಟರ್. ಅದಿರಲಿ.

ಪೆಟ್ಟಿಗೆ ಎಂದರೆ ಏನು? ನಾಲ್ಕು ಕಾಲಿನ ಮೇಲೆ ನಿಂತ, ಸುತ್ತ ಪಟ್ಟಿ ಬಡಿದ ಬಿಳಿ ಪೆಟ್ಟಿಗೆ. ಒಳಗೆ ಎರಡು ಥರ್ಮಾಮೀಟರು. ಒಂದು ಬರಿಯದು, ಇನ್ನೊಂದರ ಬುಡಕ್ಕೆ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ನೀರಿನ ಬಟ್ಟಲಿಗೆ ಬಿಟ್ಟಿರುತ್ತದೆ. ಗಾಳಿ ಒಣಗಿದ್ದರೆ ಒದ್ದೆಯದು ತಣ್ಣಗಾಗಿ ಕೆಳಗಿಳಿಯುತ್ತದೆ, ಎರಡರ ನಡುವೆ ಅಂತರ ಹೆಚ್ಚುತ್ತದೆ. ಗಾಳಿಯಲ್ಲಿ ತೇವವಿದ್ದರೆ ಎರಡೂ ಗಂಡಹೆಂಡಿರ ಹಾಗೆ ಹತ್ತಿರ ಹತ್ತಿರ. ಹೂವಿನ ಕಾಲದಲ್ಲಿ ಮೂರು ಬೆಳಗು ಹಾಗೆ ಹತ್ತಿರವಿದ್ದು ಮೋಡವೂ ಕವಿದರೆ ಬೂದಿ ರೋಗ ಬಾಗಿಲಲ್ಲಿದೆ ಎಂದು ಅರ್ಥ. ಗಂಧಕ ಹೊಡೆಯಬೇಕು. ಇಷ್ಟೇ ಸೈನ್ಸು.

ಇಲಾಖೆಯವರು ಇಂಥ ಪೆಟ್ಟಿಗೆ ಎರಡು ಕೊಟ್ಟರು. ಒಂದು ನನ್ನ ಅಂಗಳದಲ್ಲಿ, ಇನ್ನೊಂದು ಲಿಂಗದಹಳ್ಳಿಯ ಶಾಲೆಯಲ್ಲಿ, ಅಲ್ಲಿನ ತೀರ್ಥಮ್ಮ ಟೀಚರ ವಶದಲ್ಲಿ. ತೇವ ಮೊದಲು ಗುಡ್ಡದ ಕಡೆ ಕಾಣಿಸಿಕೊಂಡು ಆಮೇಲೆ ನಮ್ಮ ಕಡೆ ಬರುತ್ತದೆ. ಆದ್ದರಿಂದ ಅವರು ದಿನವೂ ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಅಂಜಿನಪ್ಪನ ಕೈಲಿ ಕಳಿಸುವುದು, ನಾನೂ ಅದೇ ಬಸ್ಸಿಗೆ ಮರುಚೀಟಿ ಕೊಡುವುದು. ಒಣಗಿದ್ದು ಇಷ್ಟು, ಒದ್ದೆ ಇಷ್ಟು, ಮೋಡ ಇಷ್ಟು, ಕೊನೆಯಲ್ಲಿ ಷರಾ. ಹೂವೇ ಇಲ್ಲದ ಜೂನ್ ತಿಂಗಳಲ್ಲೂ ಚೀಟಿ ಏಕೆ ಎಂದು ನನ್ನ ಪಕ್ಕದ ತೋಟದ ಓಬಳಪ್ಪ ಕೇಳುತ್ತಾನೆ. ಕಂಟಿನ್ಯುಯಿಟಿ, ಓಬಳಪ್ಪ! ಕಂಟಿನ್ಯುಯಿಟಿ!

ಈಗ ನನ್ನ ಮಾನದ ವಿಷಯ. ಎಂಬತ್ತೊಂದರಲ್ಲಿ ನನ್ನ ಮನೆಯವಳು ಮಲ್ಲಿಕಾಂಬ ತೀರಿಕೊಂಡಳು. ಎಂಬತ್ಮೂರರ ಹೂವಿನ ಕಾಲಕ್ಕೆ ಒದ್ದೆ ಥರ್ಮಾಮೀಟರಿನ ಬತ್ತಿ ಜೂಲಾಗಿ ಹೋಯಿತು. ಹೊಸದು ಎಲ್ಲಿಂದ ತರಲಿ? ದೇವರ ಗೂಡಿನಲ್ಲಿ ಮಲ್ಲಿಕಾಂಬ ಹೊಸೆದಿಟ್ಟ ಬತ್ತಿಗಳ ಡಬ್ಬಿ ಇತ್ತು. ಎರಡು ವರ್ಷದಿಂದ ಮುಚ್ಚಳ ತೆಗೆದಿರಲಿಲ್ಲ. ಅವಳ ಕೈಯ ಬತ್ತಿ ಎಂದು ಕಣ್ಣಿಗೊತ್ತಿಕೊಂಡು ಉದ್ದನೆಯದೊಂದನ್ನು ಸುತ್ತಿದೆ. ಮಾರನೆಯ ದಿನದಿಂದ ನೋಡುತ್ತೇನೆ, ಎರಡು ಥರ್ಮಾಮೀಟರೂ ಒಂದೇ ಗೀಟಿನಲ್ಲಿ! ಒಂದು ದಿನ, ಎರಡು ದಿನ, ಮೂರು ದಿನ! ಆಕಾಶದಲ್ಲಿ ಕೈಯಗಲ ಮೋಡವಿಲ್ಲ. ಆದರೂ ಆಕಾಶ ಸುಳ್ಳು ಹೇಳೀತು, ಇನ್‌ಸ್ಟ್ರುಮೆಂಟ್ ಹೇಳುವುದಿಲ್ಲ ಎಂದು ಊರೆಲ್ಲ ಸಾರಿದೆ. ನನ್ನ ಮಾತು ಕಟ್ಟಿಕೊಂಡು ಓಬಳಪ್ಪ ಉರಿಬಿಸಿಲಿನಲ್ಲಿ ಗಂಧಕ ಹೊಡೆಸಿದ. ಅರ್ಧ ತೋಟದ ಹೂವು ಸುಟ್ಟು ಕರಕಲಾಯಿತು.

"ಏನ್ರೀ ಕಲ್ಲೇಶಪ್ಪನೋರೇ," ಎಂದ ನಡುಬೀದಿಯಲ್ಲಿ, "ನಿಮ್ ಪೆಟ್ಗೇಗೆ ಜ್ವರ ಬಂದೈತೆ ಕಣ್ರೀ. ಥರ್ಮಾಮೀಟರ್ ಹೆಂಗೂ ಅಲ್ಲೇ ಐತಲ್ಲ, ಇಟ್ಟು ನೋಡಿ!"

ಪೆಟ್ಟಿಗೆಯನ್ನು ವಾಪಸು ಕಳಿಸುವುದೆಂದು ಚೀಟಿಯಲ್ಲಿ ಬರೆದೆ. ಮಾರನೆಯ ದಿನ ಬಸ್ಸಿನಲ್ಲಿ ಚೀಟಿ ಬರಲಿಲ್ಲ, ಟೀಚರೇ ಇಳಿದರು. ಪೆಟ್ಟಿಗೆಯ ಬಾಗಿಲು ತೆಗೆದರು, ಬಗ್ಗಿದರು, ಮೂಸಿದರು.

"ರೀ, ನೀವು ಹವಾಮಾನ ನೋಡ್ತಿದೀರೋ, ಥರ್ಮಾಮೀಟರ್‌ಗೆ ಆರತಿ ಎತ್ತೋಕೆ ಹೊರಟಿದೀರೋ? ತುಪ್ಪದಲ್ಲಿ ಅದ್ದಿಟ್ಟ ಬತ್ತಿ ಕಣ್ರೀ ಇದು! ನೀರು ಹೀರೋದೆಲ್ಲಿಂದ ಬಂತು?"

ಅಷ್ಟು ನಗು ನನ್ನ ಅಂಗಳದಲ್ಲಿ ಕೇಳಿ ಎರಡು ವರ್ಷವಾಗಿತ್ತು. ಬತ್ತಿ ಯಾರದೆಂದು ಹೇಳಿದೆ. ಅವರು ಥಟ್ಟನೆ ನಗು ನಿಲ್ಲಿಸಿ, ಆ ಬತ್ತಿಯನ್ನು ಬಿಚ್ಚಿ, ಕೈಯಾರೆ ಡಬ್ಬಿಗೆ ಸೇರಿಸಿ, ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟು ಬಂದರು. ತೆಳು ಬಟ್ಟೆಯೊಂದನ್ನು ಗಂಜಿ ಹೋಗುವಂತೆ ಕುದಿಸಿ, ಪಟ್ಟಿ ಹರಿದು ಸುತ್ತಿಕೊಟ್ಟರು. ಸಂಜೆಯೊಳಗೆ ಒದ್ದೆಯದು ಏಳು ಡಿಗ್ರಿ ಕೆಳಗಿಳಿಯಿತು. ಅಂದು ಮಾತ್ರ ನಾನು ಏಳು ಡಿಗ್ರಿ ಮೇಲಕ್ಕೇರಿದೆ. ಇದೇಕೆ ಹೇಳಿದೆನೋ! ಅಧ್ಯಕ್ಷರು ಕ್ಷಮಿಸಬೇಕು.

ಈ ಫೆಬ್ರವರಿಯಲ್ಲಿ ಅವರ ಚೀಟಿ ಬಂತು: "ಒಣ ಹದಿನಾರು, ಒದ್ದೆ ಹದಿನೈದೂವರೆ, ಮೂರನೇ ದಿನ. ಷರಾ: ಹೊಡೆಸಿ." ಓಬಳಪ್ಪ ಕೈಮುಗಿದ. "ಮೊದ್ಲು ನಿಮ್ ತೋಟಕ್ಕೆ ಹೊಡ್ಕಳಿ ಸ್ವಾಮಿ, ಆಮ್ಯಾಕೆ ನೋಡೋಣ" ಎಂದ. ನನ್ನ ಅರವತ್ತು ಮರಕ್ಕೂ ತಂಪು ಹೊತ್ತಿನಲ್ಲಿ ಹೊಡೆದೆ. ಸಂಜೆ ನೋಡಿದರೆ ಬೇಲಿಯಾಚೆ ಓಬಳಪ್ಪನ ಪಂಪೂ ಸದ್ದು ಮಾಡುತ್ತಿತ್ತು! ಹೊಡೆದ ಮೂರನೆಯ ದಿನ ಮಂಜು ಕವಿಯಿತು. ಹೂವು ನಿಂತಿತು.

ಆದ್ದರಿಂದ ಈ ಶಾಲು ಅವರದು. ಕರೆದರೆ ಬರಲಿಲ್ಲ. "ಸನ್ಮಾನ ಅಂತ ರೀಡಿಂಗ್ ಬಿಡೋಕಾಗತ್ತಾ?" ಎಂದರು. ಮದುವೆಯನ್ನೇ ಮಾಡಿಕೊಳ್ಳದೆ ಶಾಲೆ ನಡೆಸಿದವರು, ಮಾರ್ಚಿನಲ್ಲಿ ನಿವೃತ್ತರಾದವರು, ಒಂದು ದಿನವೂ ರೀಡಿಂಗ್ ತಪ್ಪಿಸಿಲ್ಲ. ಸೋಮವಾರ ನಾನು ಷರಾದಲ್ಲಿ ಒಂದು ಟೆಕ್ನಿಕಲ್ ಪ್ರಶ್ನೆ ಕೇಳಿದ್ದೆ: ಎರಡೂ ಪೆಟ್ಟಿಗೆಗಳನ್ನು ಒಂದೇ ಅಂಗಳದಲ್ಲಿ ಇಟ್ಟುಕೊಂಡರೆ ಹೇಗೆ? ಪ್ಯೂರ್ಲಿ ಟೆಕ್ನಿಕಲ್. ನಗಬೇಡಿ. ಮಂಗಳವಾರ ಉತ್ತರವಿಲ್ಲ, ಬುಧವಾರ ಬರೀ ಅಂಕಿ. ಇವತ್ತು ಅಂಜಿನಪ್ಪ ಈ ಲಕೋಟೆ ಕೊಟ್ಟು, "ಏನ್ಸಾರ್, ಟೀಚರಮ್ಮ ಇವತ್ತು ಅಂಟು ಹಾಕಿ ಕೊಟ್ಟವ್ರೆ. ಮಳೆ ಬರೋದು ಅಂಥಾ ಗುಟ್ಟಾ?" ಎಂದ. ಬೆಳಗಿನಿಂದ ಜೇಬಿನಲ್ಲಿದೆ. ಒಡೆಯಲು ಧೈರ್ಯ... ಪುರಸೊತ್ತಾಗಲಿಲ್ಲ.

ನಗುತ್ತಲೇ ಇದ್ದೀರಿ. ಸರಿ, ಎಲ್ಲರೆದುರಿಗೇ ಒಡೆದು ಓದುತ್ತೇನೆ. ಆಫೀಶಿಯಲ್ ಎಂದು ನಿಮಗೂ ಮನವರಿಕೆಯಾಗಲಿ.

"ಒಣ ಇಪ್ಪತ್ನಾಲ್ಕು, ಒದ್ದೆ ಇಪ್ಪತ್ಮೂರು. ಮೋಡ ಪೂರ್ತಿ." ನೋಡಿದಿರಾ? "ಷರಾ: ಎರಡು ಪೆಟ್ಟಿಗೆ ಒಂದೇ ಕಡೆ ಇಟ್ಟರೆ ಮುನ್ಸೂಚನೆ ಕೆಡುತ್ತದೆ. ನಿಮ್ಮ ಪ್ರಶ್ನೆ ತಪ್ಪು. ಪೆಟ್ಟಿಗೆ ಇದ್ದಲ್ಲೇ ಇರಲಿ. ಶಾಲೆಯ ಹುಲಿಯಮ್ಮನಿಗೆ ರೀಡಿಂಗ್ ಕಲಿಸಿದ್ದೇನೆ, ಇನ್ನು ಮುಂದೆ ಅವಳೇ ತಪ್ಪಿಲ್ಲದೆ ಬರೆಯುತ್ತಾಳೆ. ನಾನು ಸೋಮವಾರದ ಬಸ್ಸಿಗೆ ಬರುತ್ತೇನೆ. ಮಲ್ಲಿಕಾಂಬನವರ ಬತ್ತಿ ಮುಗಿಸಬೇಡಿ. ಬಂದ ದಿನ ಅದರಲ್ಲೇ ದೀಪ ಹಚ್ಚೋಣ."

ಅಧ್ಯಕ್ಷರೇ... ಸ್ವಲ್ಪ ನೀರು ಕೊಡಿಸಿ.

ಚಪ್ಪಾಳೆ ಸಾಕು, ಓಬಳಪ್ಪ, ಸಾಕು! ಹಾರ ತಂದವರಿಗೆ, ಶಾಲು ಹೊದಿಸಿದವರಿಗೆ, ಚೀಟಿ ಹೊತ್ತ ಅಂಜಿನಪ್ಪನಿಗೆ, ಹೂವು ಸುಟ್ಟರೂ ಮಾತು ಬಿಡದವರಿಗೆ ನನ್ನ ವಂದನೆಗಳು. ಇನ್ನೂ ಹೇಳುವುದಿತ್ತು, ಜಿಗಿಹುಳುವಿನ ವಿಷಯ ಪೂರ್ತಿ ಬಾಕಿ ಇದೆ. ಆದರೆ ಅಂಗಳ ಗುಡಿಸಿ ತಿಂಗಳಾಯಿತು, ಸೋಮವಾರಕ್ಕೆ ಉಳಿದಿರುವುದು ಮೂರೇ ದಿನ. ನಾನು ಹೊರಟೆ. ನಮಸ್ಕಾರ.