ಯಾವಾಗಲೂ ಮೇಲಿನ ಉತ್ತರ

“ಇಂಗ್ಲಿಷ್ ಓದಕ್ಕೆ ಬರದ ದಡ್ಡಂಗೆ ಈ ಗೇಮ್ ಯಾಕ್ಲಾ ಬೇಕಿತ್ತು?”

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಪಕ್ಕದ ಹುಡುಗನಿಗೆ ಹೀಗೆ ಗಟ್ಟಿಯಾಗಿ ಅಂದಳು. ಸುತ್ತ ನಿಂತವರೆಲ್ಲ ನಕ್ಕರು. ನಾನೂ ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನಕ್ಕವರ ಹಲ್ಲು ಉದುರಿಸಬೇಕು ಅನ್ನಿಸಿತು. ಆ ಹುಡುಗ ಮಾತ್ರ ಗೇಮ್ ತೆರೆದಿದ್ದ ತನ್ನ ಫೋನನ್ನು ಅವಳ ಕೈಗಿಟ್ಟ.

“ಆ ಜಪಾನ್ ಕಾರ್ಟೂನು, ಅನಿಮೆ ಸೀರೀಸ್ ಪೂರ್ತಿ ನೋಡಿದ್ದೆ ಕಣೆ ದೀಪಾ. ಅದ್ರಲ್ಲಿರೋ ಹುಡುಗಿನೇ ಈ ಗೇಮಲ್ಲೂ ಅವ್ಳೆ ಅಂತ ಹಾಕ್ಕೊಂಡೆ.”

“ಅವ್ಳು ಏನಾದ್ರೂ ಕೇಳ್ದಾಗ ಮೂರು ಉತ್ತರ ಬತ್ತವಲ್ಲ, ಯಾವ್ದು ಒತ್ತಿದ್ದೆ?”

“ಯಾವಾಗ್ಲೂ ಮೇಲಿಂದು.”

“ಅಯ್ಯೋ ದ್ಯಾವ್ರೇ! ಛತ್ರಿ ಕೊಡ್ಲಾ ಅಂದವ್ಳೆ, ಬ್ಯಾಡ ಅಂದಿದೀಯ. ಹುಟ್ಟುಹಬ್ಬಕ್ಕೆ ಕರ್ದವ್ಳೆ, ಪುರುಸೊತ್ತಿಲ್ಲ ಅಂದಿದೀಯ.”

“ಅದಕ್ಕಾ ಅವ್ಳು ಅತ್ತಿದ್ದು? ನಾನು ಖುಷಿಗೆ ಅಂದ್ಕೊಂಡಿದ್ದೆ.”

ಅವಳ ದನಿ ತಗ್ಗಿತು.

“ಇರು ದಿಲೀಪ, ಮೊದ್ಲಿಂದ ಓದಿ ಹೇಳ್ತೀನಿ.”

ಒಂದೊಂದೇ ಸಾಲನ್ನು ಕನ್ನಡ ಮಾಡಿ ಅವನ ಕಿವಿಗಷ್ಟೇ ಹೇಳತೊಡಗಿದಳು. ಅವರ ಹಿಂದೆಯೇ ನಿಂತಿದ್ದ ನನಗೂ ಅಷ್ಟಿಷ್ಟು ಕೇಳುತ್ತಿತ್ತು. ಅವನು ಇಳಿಯುವ ಶಾಂತಿಗ್ರಾಮ ಹತ್ತಿರವಾಯಿತು.

“ನಾಳೆನೂ ಬತ್ತೀಯಾ ಅಂತ ಗೇಮಿನವ್ಳು ಕೇಳ್ತಾವ್ಳೆ. ಏನ್ ಒತ್ಲಿ?”

“ನಿಂಗೆ ಏನ್ ಬೇಕೋ ಅದು.”

“ಅವ್ಳು ಇರ್ಲಿ, ನಾನ್ ಕೇಳ್ತಿದೀನಿ. ನಾಳೆ ಇದೇ ಬಸ್ಸಿಗೆ ಬತ್ತೀಯಾ?”

ಬಸ್ಸು ನಿಂತಿತು. ಅವನು ಬ್ಯಾಗು ಹೆಗಲಿಗೇರಿಸಿ ಇಳಿದ.

“ಲೋ, ನಿನ್ ಫೋನು ನನ್ ಕೈಲೇ ಐತೆ!” ಎಂದು ಅವಳು ಕಿಟಕಿಯಿಂದ ಕೂಗಿದಳು.

ಅವನಿಗೆ ಕೇಳಿಸಿತ್ತು. ಮುಖದಲ್ಲಿ ನಗು ಕಂಡಿತು. ಆದರೂ ತಿರುಗದೆ ನಡೆದುಬಿಟ್ಟ.