ಮೂರು ಸಲ ಹೇಳಿಸಿದ ಕಥೆ

ಹಲೋ... ಯಾರಮ್ಮ ಮಾತಾಡ್ತಿರೋದು?...

ಹಾಂ, ಸಿನಿಮಾ ಕಂಪನಿಯ ಮ್ಯಾನೇಜರಾ. ನಿಮಗೆ ಸಿನಿಮಾ ಮಾಡಿಕೊಡ್ತಿದ್ದಳಲ್ಲ ನಮ್ಮ ಹುಡುಗಿ ಗುಬ್ಬಿ, ಅವಳ ದೊಡ್ಡಪ್ಪ ನಾನು. ಹೋದ ಬುಧವಾರ ಅವಳು ತೀರಿಕೊಂಡ ಸುದ್ದಿ ಹೇಳಿದ್ದೂ ನೀವೇ ಅಲ್ವಾ? ಬೆಳಗಿನ ಪ್ರಾರ್ಥನೆ ಮುಗಿಸಿ ಆಗಷ್ಟೇ ಎದ್ದಿದ್ದೆ...

ಹೌದು, ಎಡಿಟಿಂಗ್ ಕೋಣೆಯಲ್ಲೇ, ಕೂತ ಕುರ್ಚಿಯಲ್ಲೇ. ಹೃದಯ ನಿಂತುಹೋಯ್ತು ಅಂದರು ಡಾಕ್ಟರು. ಮೂವತ್ತೊಂದು ವರ್ಷಕ್ಕೆ...

ದೂರುತ್ತಿಲ್ಲಮ್ಮ. ಆದರೆ ನಿಮಗೆ ತಿಳಿದಿರಲಿ. ನಮ್ಮ ಜನರನ್ನು ಕಾಡಿನಿಂದ ಒಕ್ಕಲೆಬ್ಬಿಸಿದ ದಿನದ ಕಥೆ ಅವಳ ಕ್ಯಾಮೆರಾ ಮುಂದೆ ಹೇಳಿದೆನಲ್ಲ, ಅದನ್ನು ಮೂರು ಸಲ ಹೇಳಿಸಿದರು. ಮೊದಲ ಸಲ ಲಾರಿ ಸದ್ದು ಬಂತು. ಎರಡನೇ ಸಲದ್ದು ನೋಡಿ ನಿಮ್ಮ ಆಫೀಸಿನವರು, ಮುದುಕ ಅತ್ತದ್ದು ಸಾಲದು ಅಂದರಂತೆ. ನನ್ನ ಕಣ್ಣೇನು ನಲ್ಲಿಯಾ, ತಿರುಗಿಸಿದರೆ ಸುರಿಯೋಕೆ?...

ಮೂರನೇ ಸಲವೂ ಅತ್ತುಬಿಟ್ಟೆ, ಬಿಡಿ. ಕ್ಯಾಮೆರಾ ಹಿಂದೆ ಅವಳೂ ಅಳ್ತಿದ್ದಳು. ಆ ಕಡೆ ಯಾರು ನೋಡ್ತಾರೆ? ನಮ್ಮನ್ನು ಎಬ್ಬಿಸಿದ ದಿನ ಕಾಡಿನಲ್ಲಿ ಸತ್ತವನು ನನ್ನ ತಮ್ಮ. ಅವಳಪ್ಪ...

ಗೊತ್ತಿರಲಿಲ್ವಾ? ಆ ಚಿತ್ರವನ್ನೇ ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿದಳಮ್ಮ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಊಟ ಆಯ್ತಾ ಅಂತ ಒಬ್ಬರಾದರೂ ಕೇಳಿದ್ರಾ?...

ಹಾಂ?... ಉಳಿದದ್ದನ್ನು ಅವಳ ತಂಗಿ ಮುಗಿಸಿಕೊಡಲಿ ಅಂತಲಾ?...

ಒಪ್ಪಿದ್ದಾಳೆ, ಗೊತ್ತು. ಅಕ್ಕನ ಕೆಲಸ ಅರ್ಧಕ್ಕೆ ಬಿಡಲ್ಲ ಅಂತ ಬ್ಯಾಗು ಕಟ್ಟಿ ಕೂತಿದ್ದಾಳೆ. ಅವಳು ಅಪ್ಪನ ಮುಖವನ್ನೇ ಕಂಡವಳಲ್ಲ. ಆಗ ಇನ್ನೂ ಹೊಟ್ಟೆಯಲ್ಲಿದ್ದಳು...

ಬೇಡ ಅನ್ನಲ್ಲಮ್ಮ. ನಮ್ಮ ಕಥೆ ನಮ್ಮವರೇ ಹೇಳಬೇಕು. ಆದರೆ ಆ ಕೋಣೆಯಲ್ಲಿ ಇನ್ನೊಂದು ಕುರ್ಚಿ ಹಾಕಿ. ನಾನು ಬಂದು ಕೂರ್ತೀನಿ. ಅವಳು ಸಾಕು ಅಂದ ಕೂಡಲೇ ಯಂತ್ರ ನಿಲ್ಲಿಸಬೇಕು. ಸಂಜೆಯಾದರೆ ಮನೆಗೆ ಕಳಿಸಬೇಕು...

ಮೇಲಿನವರನ್ನು ಕೇಳಬೇಕಾ? ಕೇಳಿ. ಅವರು ಹೂಂ ಅನ್ನೋವರೆಗೆ ಅವಳು ಈ ಹೊಸ್ತಿಲು ದಾಟಲ್ಲ. ಒಂದನ್ನು ಮಣ್ಣಿಗೆ ಕೊಟ್ಟು ಬಂದಿದ್ದೇನೆ, ಸಾಕು...

ಏನಂದ್ರಿ?... ಅವರನ್ನು ಕೇಳೋದಿಲ್ವಾ? ಕುರ್ಚಿ ನೀವೇ ಹಾಕಿಸ್ತೀರಾ?... ನಿಮ್ಮ ಕೆಲಸಕ್ಕೆ ಕುತ್ತು ಬಂದರೆ?...

ಹಾಗಾದರೆ ಸೋಮವಾರ ಬರ್ತೀವಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ತಾಯಿ...

ಹಾಂ, ಪ್ರಾರ್ಥನೆಯ ಹೊತ್ತೇ ಇದು... ನೀವೂ ಸೇರ್ತೀರಾ? ಅಲ್ಲೇ ಕಣ್ಣು ಮುಚ್ಚಿಕೊಳ್ಳಿ, ಸಾಕು...

ದೇವರೇ, ನಮ್ಮ ಮಗುವಿನ ಆತ್ಮಕ್ಕೆ ಶಾಂತಿ ಕೊಡು. ಅವಳನ್ನು ಅವಳಪ್ಪನ ಕೈಗೆ ಒಪ್ಪಿಸು. ಇಬ್ಬರಿಗೂ ಮಾತು ಬಾರದಿದ್ದರೆ, ನೀನೂ ಸ್ವಲ್ಪ ಹೊತ್ತು ಅವರ ಪಕ್ಕ ಕೂತಿರು.