ನೀರು ಕುದ್ಸಿದ್ದಾ?

೧೯೮೫ರ ಆಷಾಢ. ತೀರ್ಥಹಳ್ಳಿಯಿಂದ ಮೇಗರವಳ್ಳಿಗೆ ಹೊರಟ ಸಂಜೆಯ ಬಸ್ಸು ನಡುದಾರಿಯ ಸೇತುವೆಯೊಂದರ ಈಚೆಗೆ ನಿಂತುಬಿಟ್ಟಿತು. ಹಳ್ಳದ ನೀರು ಸೇತುವೆಯ ಮೇಲೆ ಹತ್ತಿತ್ತು. ಕಂಡಕ್ಟರ್ ಬೆಳ್ಳಪ್ಪ ಕೊಡೆಯ ತುದಿಯನ್ನು ಊರಿ ಆಳ ನೋಡಿ ಬಂದು, "ನೀರು ಇಳಿಯೋ ತನಕ ಬಸ್ಸು ಹೋಗಲ್ಲ. ಎಲ್ಲಾ ಶೇಷಮ್ಮನ ಹೋಟ್ಲಲ್ಲಿ ಕೂತ್ಕಳ್ಳಿ. ಕಾಫಿ ಚೆನ್ನಾಗಿರ್ತದೆ ಅಂತ ನಾನು ಹೇಳಲ್ಲ, ಬಿಸಿಯಂತೂ ಇರ್ತದೆ" ಎಂದ.

ಹೋಟೆಲೆಂದರೆ ರಸ್ತೆ ಬದಿಗೆ ಇಳಿಸಿದ ತಗಡಿನ ಮಾಡು, ಎರಡು ಬೆಂಚು, ಒಳಗೊಂದು ಒಲೆ. ಐದು ವರ್ಷದ ಮಗಳು ಶರಾವತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಬಾಗಿಲವರೆಗೆ ಓಡಿದೆ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದ ಅವಳು ನೀರಿಗಾಗಿ ಹಟ ಹಿಡಿದಿದ್ದಳು. ಬಾಗಿಲಲ್ಲೇ ನಿಂತು ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸುತ್ತಿದ್ದಾಗ, ತಗಡಿನ ಮೇಲೆ ಹುಯ್ಯುವ ಮಳೆಯ ಸದ್ದಿನ ನಡುವೆ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು: "ನೀರು ಕುದ್ಸಿದ್ದಾ?"

"ಹೂಂ, ಕುದಿಸಿದ್ದು" ಎಂದೆ.

ಅದು ಸುಳ್ಳು. ಮಗಳು ಹುಟ್ಟಿದ ಮೇಲೆ ಕುದಿಸದ ನೀರನ್ನು ಅವಳ ಬಾಯಿಗೆ ಮುಟ್ಟಿಸಿದವಳಲ್ಲ ನಾನು. ಅದಕ್ಕಾಗಿ ಸಾಗರದ ಅತ್ತೆಮನೆಯವರಿಂದ ಹಾಸ್ಯ ಮಾಡಿಸಿಕೊಂಡವಳು. ಆದರೆ ಆವತ್ತು ಸ್ಟೋವಿಗೆ ಸೀಮೆಎಣ್ಣೆ ಇರಲಿಲ್ಲ, ಹೊರಡುವ ಗಡಿಬಿಡಿ ಬೇರೆ. ತೀರ್ಥಹಳ್ಳಿಯಲ್ಲಿ ನಾವಿದ್ದ ಬಾಡಿಗೆ ಮನೆ ಊರಿನ ಕೆಳಗೆ, ಹೊಳೆಯ ದಂಡೆಯಲ್ಲಿ. ಮನೆಯ ಯಜಮಾನರು ಪಂಪು ಇಟ್ಟು ತುಂಗೆಯಿಂದ ನೀರು ಹತ್ತಿಸುತ್ತಿದ್ದರು. ಒಂದು ದಿನಕ್ಕೆ ಏನಾದೀತು ಎಂದುಕೊಂಡು ಆ ನೀರನ್ನೇ ಹಾಗೇ ತುಂಬಿಸಿಕೊಂಡು ಬಂದಿದ್ದೆ. ಅವಸರದಲ್ಲಿ ಮುಚ್ಚಳ ಓರೆಯಾಗಿ ಅದರಲ್ಲಿದ್ದದ್ದು ನೆಲದ ಪಾಲಾಯಿತು. ಮತ್ತೆ ಬಗ್ಗಿಸುವಷ್ಟರಲ್ಲಿ ಶರಾವತಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಒಳಗೆ ಒಲೆಯ ಮುಂದೆ ಎಪ್ಪತ್ತು ದಾಟಿದ ಶೇಷಮ್ಮ ಕೂತಿದ್ದರು. ಕೇಳಿದವರು ಅವರೇ ಇರಬೇಕು ಎಂದುಕೊಂಡು ಬೆಂಚಿನ ತುದಿಗೆ ಕೂತೆ.

ಬಸ್ಸಿನಲ್ಲಿದ್ದ ಜವಳಿ ಅಂಗಡಿಯ ತಿಮ್ಮಣ್ಣನವರು ಲೋಟ ಹಿಡಿದು ಗೊಣಗತೊಡಗಿದರು. "ಅಲ್ಲ ಶೇಷಮ್ಮ, ಸುತ್ತ ಇಷ್ಟು ನೀರು ಹರೀತಾ ಇದೆ, ನಿಮ್ಮಲ್ಲಿ ಒಂದು ಲೋಟ ತಣ್ಣೀರು ಸಿಗಲ್ವಲ್ಲ! ನಾಲಿಗೆ ಸುಟ್ಟೋಯ್ತು."

"ಸುಟ್ಟ ನಾಲಿಗೆ ನಾಳೆಗೆ ಸರಿಯಾಗ್ತದೆ. ತಣ್ಣೀರು ಬೇಕಾದ್ರೆ ಹಳ್ಳ ಅಲ್ಲೇ ಇದೆ, ಹೋಗಿ ಕುಡೀರಿ."

"ಹಾಲಮ್ಮ ಬಿಡ್ಬೇಕಲ್ಲ ಅವರನ್ನ!" ಎಂದು ಬೆಳ್ಳಪ್ಪ ನಕ್ಕ. "ಶೇಷಮ್ಮ, ಇವರಿಗೆ ಗೊತ್ತಿಲ್ಲ, ಹೇಳಿ. ಹೆಂಗೂ ಬಸ್ಸು ಹೋಗಲ್ಲ."

ಶೇಷಮ್ಮ ನಗಲಿಲ್ಲ. ಒಲೆಗೆ ಕೊಳ್ಳಿ ಮುಂದೂಡಿ, ನಮ್ಮ ಕಡೆ ತಿರುಗಿ ಕೂತರು. ಮಳೆ ಜೋರಾಗಿದ್ದರಿಂದ ಎಲ್ಲರೂ ಒಲೆಯ ಹತ್ತಿರಕ್ಕೆ ಜರುಗಿದೆವು.

"ಕತೆ ಅಂತೀರಾ... ಅನ್ನಿ. ನಾನು ಈ ಊರಿಗೆ ಮದುವೆಯಾಗಿ ಬಂದಾಗ ಈ ಹಳ್ಳದ ನೀರನ್ನ ಬೊಗಸೇಲಿ ಎತ್ತಿದ್ರೆ ಅಂಗೈ ಗೆರೆ ಕಾಣ್ತಿತ್ತು. ಮೇಲೆ ಕಲ್ಲುಕೊಡಿಗೆ ಪೇಟೆ ಅಂತ ಇದೆ, ಹಳ್ಳ ಅಲ್ಲಿಂದ ಇಳಿದು ನಮ್ಮ ಕೇರಿ ಮುಂದೆ ಹಾದು, ತೀರ್ಥಹಳ್ಳಿಗಿಂತ ಮೇಲೇ ತುಂಗೆಗೆ ಸೇರ್ತದೆ. ಎಮರ್ಜೆನ್ಸಿ ಮುಗಿದ ವರ್ಷ ಆ ಪೇಟೆಗೆ ನೀರು ಹೊಯ್ಯೋ ಕಕ್ಕಸು ಬಂತು. ಒಳ್ಳೇದೇ ಅಲ್ವಾ? ಯಾರು ಬೇಡ ಅಂತಾರೆ? ಆದ್ರೆ ಅದಕ್ಕೆ ಗುಂಡಿ ತೋಡ್ಬೇಕು. ಒಂದಾಳುದ್ದ ಇಳಿಯೋದ್ರೊಳಗೆ ಜಂಬಿಟ್ಟಿಗೆ ಕಲ್ಲು ಸಿಕ್ತು, ಗುದ್ಲಿ ಮುರೀತು... ಸರಿ, ಯಾರಿಗೆ ಬೇಕು ಈ ತಾಪತ್ರಯ ಅಂತ ಸಿಮೆಂಟ್ ಪೈಪು ಸಾಲಾಗಿ ಜೋಡ್ಸಿ, ಇಡೀ ಪೇಟೆ ಹೊಲಸನ್ನ ಒಂದೇ ಬಾಯಲ್ಲಿ ತಂದು ಹಳ್ಳಕ್ಕೆ ಬಿಟ್ಟುಬಿಟ್ರು.

"ಕೆಟ್ಟೋರಾ ಅವರು? ಅಲ್ಲ ಕಣ್ರಮ್ಮ. ತಪ್ಪು ಅಂತ್ಲೇ ಯಾರಿಗೂ ಅನ್ನಿಸ್ಲಿಲ್ಲ. ನಮ್ಮಲ್ಲಿ ಒಂದು ಮಾತಿದೆಯಲ್ಲ, ಹರಿಯೋ ನೀರಿಗೆ ಮೈಲಿಗೆ ಇಲ್ಲ ಅಂತ. ಸೂತಕದ ಬಟ್ಟೆ ಒಗೀಲಿ, ಹೆಣ ಸುಟ್ಟು ಬಂದು ಮುಳುಗ್ಲಿ, ಹಳ್ಳಕ್ಕೆ ಎಂತದೂ ತಾಗಲ್ಲ. ಮೇಲಿನ ಪೇಟೆಯೋರೂ ಅದನ್ನೇ ಅಂದ್ರು, ಕೆಳಗಿನ ನಾವೂ ಅದನ್ನೇ ಅಂದ್ವಿ... ಅಂದ್ಕೊಂಡು, ತೇಲಿ ಬಂದಿದ್ದನ್ನ ಕೈಯಲ್ಲಿ ಆಚೆ ಸರ್ಸಿ, ಗಂಗಮ್ಮಾ ಅಂತ ಕೈಮುಗಿದು, ಕೊಡ ಮುಳುಗ್ಸಿ ತಂದು ಕುಡಿದ್ವಿ.

"ಮಳೆಗಾಲ ಏನೂ ಗೊತ್ತಾಗ್ಲಿಲ್ಲ. ಬೇಸಿಗೆ ಬಂತು ನೋಡಿ... ಬೇಸಿಗೇಲಿ ಹಳ್ಳ ಸೊರಗ್ತದೆ, ಪೈಪು ಸೊರಗ್ತದಾ? ಮೊದಲು ಮೀನು ಹೊಟ್ಟೆ ಮೇಲಾದ್ವು. ಆಮೇಲೆ ನಮ್ಮ ಕೇರೀಲಿ ವಾಂತಿ-ಭೇದಿ ಶುರುವಾಯ್ತು. ನಮ್ಮ ಪಕ್ಕದ ಮನೆ ಹುಲಿಯಪ್ಪನ ಮಗ, ಆಗಷ್ಟೇ ಹೆಜ್ಜೆ ಹಾಕ್ತಿದ್ದ ಕೂಸು, ಬೆಳಿಗ್ಗೆ ಆಡ್ತಿದ್ದದ್ದು ಸಂಜೆಗೆ ಹೋಯ್ತು. ಎಲ್ಲಾ ಮಾರಿ ಅಂದ್ರು. ಕೋಳಿ ಕುಯ್ದ್ರು. ಆ ಕೂಸಿನ ತಾಯಿಯೇ ಈ ಹಾಲಮ್ಮ.

"ಆನಂದಪುರದ ಕಡೆ ಹುಡುಗಿ ಅವಳು. ಮಾತು ಕಮ್ಮಿ, ಕೆಲಸ ಜಾಸ್ತಿ. ಮಗ ಹೋದ ಮೇಲೆ ತವರಿಗೆ ಹೋಗಿದ್ದೋಳು, ಅಲ್ಲಿ ಆಸ್ಪತ್ರೆ ನರ್ಸಮ್ಮನ ಹತ್ರ ಒಂದು ಮಾತು ಕೇಳ್ಕಂಡು ಬಂದ್ಲು. ಇದು ಮಾರಿಯಲ್ಲ, ನೀರು ಅಂತ. ಬಂದೋಳು ಸುಮ್ನೆ ಕೂತ್ಲಾ? ಒಂದು ತಂಬಿಗೆ ತುಂಬ ಹಳ್ಳದ ನೀರು ತಗಂಡು, ಪೇಟೆ ಪಂಚಾಯ್ತಿ ಮೀಟಿಂಗಿಗೆ ಹೋಗಿ ನಿಂತ್ಲು. ಜೊತೆಗೆ ನಾನೂ ಹೋಗಿದ್ದೆ. ಸೀತಾರಾಮಪ್ಪ ಅಂತ ಆಗ ಚೇರ್ಮನ್. ತಂಬಿಗೆ ಅವರ ಮುಂದಿಟ್ಟು, 'ಅಯ್ಯಾ, ಇದನ್ನ ಒಂದು ಗುಟುಕು ಕುಡೀರಿ. ಕುಡಿದ್ರೆ ನಾನು ಏನೂ ಕೇಳ್ದೆ ಮನೆಗೆ ಹೋಗ್ತೀನಿ' ಅಂದ್ಲು.

"ಸೀತಾರಾಮಪ್ಪ ಜಾಣ. ತಂಬಿಗೆಗೆ ಬೆರಳು ಅದ್ದಿ ತಲೆ ಮೇಲೆ ಚಿಮುಕಿಸ್ಕೊಂಡು, 'ನೋಡೇ, ತೀರ್ಥ ಮಾಡ್ಕಂಡೆ! ಹರಿಯೋ ನೀರಿಗೆ ಮೈಲಿಗೆ ಎಲ್ಲಿಂದ ಬರ್ಬೇಕು?' ಅಂದ್ರು. ಎಲ್ಲಾ ನಕ್ರು. ಹಾಲಮ್ಮ ನಗ್ಲಿಲ್ಲ. 'ತಲೆಗಲ್ಲ ಅಯ್ಯಾ, ಬಾಯಿಗೆ. ನನ್ನ ಮಗ ಕುಡಿದಿದ್ದು ಬಾಯಲ್ಲಿ. ಮೈಲಿಗೆ ಅಂತ ನಾನೂ ಅಂದಿಲ್ಲ, ಇದು ಹೊಲಸು' ಅಂದ್ಲು... ಅವರಿಗೆ ಮೋರೆ ಕಪ್ಪಾಯ್ತು. ಬೇಸಿಗೆಗೆ ನೋಡಾಣ ಅಂದ್ರು. ಯಾವ ಬೇಸಿಗೆ ಅಂತ ಹೇಳ್ಲಿಲ್ಲ.

"ಮುಂದಿನ ವರ್ಷ ಅವಳಿಗೆ ಹೆಣ್ಣು ಕೂಸು ಹುಟ್ತು. ಆವಾಗಿಂದ ನೀರು ಕುದ್ಸೋದೇ ಅವಳಿಗೆ ಒಂದು ಧ್ಯಾನ. ಹಂಡೆ ಒಲೆಯಿಂದ ಇಳಿಯೋದೇ ಇಲ್ಲ. ನಮ್ಮನೆಗೂ ಬಂದು, ಬಾಗಿಲಲ್ಲಿ ತಲೆ ಹಾಕಿ, 'ನೀರು ಕುದ್ಸಿದ್ದಾ?' ಅಂತ ಕೇಳೋಳು. ಊಟ ಆಯ್ತಾ ಅಂತ ಕೇಳ್ತೀವಲ್ಲ, ಹಂಗೆ. ನಾವೆಲ್ಲ ಬಾಯಿಗೆ ಸೆರಗು ಇಟ್ಕೊಂಡು ನಗಾಡ್ತಿದ್ವಿ. ಅವಳತ್ತೆ ಕೆರಿಯಮ್ಮನಿಗಂತೂ ಸಿಟ್ಟು. 'ಹರಿಯೋ ಗಂಗೇನ ಒಲೆ ಮೇಲಿಟ್ಟು ಸಾಯಿಸ್ತಾಳೆ. ಕುದ್ದ ನೀರು ಸತ್ತ ನೀರು' ಅನ್ನೋಳು.

"ಜಗಳ ಬಿದ್ದಿದ್ದು ಗಂಗೆ ಪೂಜೆಗೆ. ಬಾಣಂತಿ ಎದ್ದ ಮೇಲೆ ಹಳ್ಳಕ್ಕೆ ಹೋಗಿ, ಅರಿಶಿನ ಕುಂಕುಮ ಹಾಕಿ, ಕೂಸಿನ ತುಟಿಗೆ ಒಂದು ಹನಿ ಹಸಿನೀರು ಮುಟ್ಟಿಸ್ಬೇಕು. ಅದಾಗ್ದೆ ತೊಟ್ಟಿಲಿಲ್ಲ, ಹೆಸರಿಲ್ಲ. ಕುದ್ಸಿ ಆರ್ಸಿದ್ದು ಹಾಕ್ತೀನಿ ಅಂತಾಳೆ ಇವಳು, ಸತ್ತ ನೀರು ಗಂಗೆ ಹೆಂಗಾಗ್ತದೆ ಅಂತಾಳೆ ಕೆರಿಯಮ್ಮ. ದಿನ ಮುಂದೆ ಹೋಯ್ತು, ಮತ್ತೂ ಮುಂದೆ ಹೋಯ್ತು. ಕಡೆಗೊಂದಿನ ಹಾಲಮ್ಮ ಕೂಸನ್ನ ಅತ್ತೆ ಮಡಿಲಿಗೆ ಹಾಕಿ, 'ನಾನು ಆ ಪೈಪಿನ ಬಾಯಿ ಮುಚ್ಚಿ ಬತ್ತೀನಿ. ಆಮೇಲೆ ನೀವು ಕೊಡಗಟ್ಲೆ ಹಸಿನೀರು ಹಾಕಿ ಅತ್ತೆ, ನಾನು ಬೇಡ ಅನ್ನಲ್ಲ' ಅಂದು ಗುದ್ಲಿ ತಗಂಡು ಹೊರಟ್ಲು.

"ಹೆಂಗೆ ಮುಚ್ಚಿದ್ಲು ಅಂತೀರಾ? ಗದ್ದೆ ಕೆಲಸದೋಳಲ್ವಾ... ಅಂಚು ಕಟ್ಟೋ ಹಂಗೇ ಕಟ್ಟಿದ್ಲು. ಅಂಟು ಮಣ್ಣು, ಕಲ್ಲು, ಸೊಪ್ಪು, ಮತ್ತೆ ಮಣ್ಣು, ಕೈಯಲ್ಲಿ ಬಡಿದು ಬಡಿದು. ಹಾಡುಹಗಲು. ದನ ಕಾಯೋರು ದೂರದಿಂದ ನೋಡಿದ್ರಂತೆ, ಯಾರೋ ಹೆಂಗಸು ಹೊಸ ಮನೆ ಗೋಡೆ ಮೆತ್ತಿದಂಗೆ ಮೆತ್ತುತಿದಾಳೆ ಅಂದ್ಕೊಂಡ್ರಂತೆ. ಇಲ್ಲಿ ನಮ್ಮಲ್ಲಿ ಬಿಸಿಲು. ಮೇಲೆ ಘಟ್ಟದ ತಲೇಲಿ ಮುಂಗಾರು ಬಿದ್ದಿತ್ತು... ಹಳ್ಳ ಒಂದೇ ಸಲಕ್ಕೆ ಬಂತು.

"ಎರಡು ದಿನ ಆದ ಮೇಲೆ, ಕೆಳಗೆ ಬಿದಿರು ಹಿಂಡಲಿಗೆ ಸಿಕ್ಕಂಡಿದ್ದ ಹೆಣ ಸಿಕ್ತು. ಅಷ್ಟರಲ್ಲಿ ಅತ್ಲಾಗೆ ಪೇಟೇಲಿ ಏನಾಯ್ತು ಗೊತ್ತಾ? ಅವಳು ಕಟ್ಟಿದ ಕಟ್ಟೆ ಅಷ್ಟು ನೀರು ಬಂದ್ರೂ ಕಿತ್ತು ಹೋಗಿರ್ಲಿಲ್ಲ. ಹೊಲಸೆಲ್ಲಾ ತಿರುಗಿ ಅವರವರ ಮನೆಗೇ ಉಕ್ತು. ಆಳು ಕಳ್ಸಿ ಹಾರೆ ಹಾಕಿ ಒಡೆಸಿದ್ರು. ಆ ಮಣ್ಣಿನ ಹೆಂಟೇಲಿ ಹಸಿರು ಬಳೆ ಚೂರು ಅಂಟ್ಕಂಡಿತ್ತು... ಬೆರಳಿನ ಅಚ್ಚು ಹಂಗೇ ಇತ್ತು. ಆ ಆಳೇ ನನಗೆ ತಂದು ತೋರ್ಸಿದ್ದು."

ಶೇಷಮ್ಮ ಒಲೆಯ ಕೆಂಡ ಕೆದಕಿದರು. ತಿಮ್ಮಣ್ಣನವರು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಮಡಿಲಲ್ಲಿ ಮಲಗಿದ್ದ ಶರಾವತಿಯ ಹಣೆಯನ್ನು ನಾನು ಸುಮ್ಮನೆ ಮುಟ್ಟಿ ನೋಡಿದೆ.

"ಸೂತಕ ಕಳೀತು. ಕೆರಿಯಮ್ಮ ಒಂದಿನ ಬೆಳಿಗ್ಗೆ ಬಂದು, 'ಶೇಷಿ, ಬಾರೆ. ಗಂಗೆ ಪೂಜೆ ಮಾಡಿ ಮುಗಿಸಾಣ. ತಾಯಿ ಅಂತೂ ಇಲ್ಲ, ಕೂಸಿಗೆ ಗಂಗೆಯಾದ್ರೂ ತಾಯಾಗ್ಲಿ' ಅಂದ್ಲು. ಬೇಡ ಅನ್ನೋಕೆ ಬಾಯಿ ಬಂತಾ ನನಗೆ? ಹಳ್ಳದ ದಂಡೇಲಿ ಕೂತ್ವಿ. ಎಳೆ ಬಿಸಿಲು. ಕುಂಕುಮ ಇಟ್ಟಾಯ್ತು, ಹೂ ಬಿಟ್ಟಾಯ್ತು. ಕೆರಿಯಮ್ಮ ಬೆರಳು ನೀರಿಗೆ ಅದ್ದಿ ಕೂಸಿನ ತುಟಿ ಹತ್ರ ತಂದ್ಲು... ಕೂಸು ಬಾಯಿ ತೆರೀತು, ಹಾಲು ಅಂತ ತಿಳ್ಕಂಡು.

"ಹಿಂದಿನಿಂದ ಕೇಳ್ತು. 'ಅತ್ತೇ... ನೀರು ಕುದ್ಸಿದ್ದಾ?'

"ಕಿರುಚಿದ್ದಲ್ಲ, ಅತ್ತಿದ್ದಲ್ಲ. ಊಟ ಆಯ್ತಾ ಅಂದಂಗೇ. ನಾನು ತಿರುಗಿ ನೋಡ್ದೆ. ಎಂತದೂ ಇಲ್ಲ, ಬಂಡೆ ಮೇಲೆ ಒದ್ದೆ ಪಾದದ ಗುರುತು, ಅದೂ ಬಿಸಿಲಿಗೆ ಆರ್ತಾ ಇತ್ತು. ಕೆರಿಯಮ್ಮ ಹೆದರಿದ್ಲಾ ಅಂತ ಕೇಳಿ... ಇಲ್ಲ. 'ಇಲ್ಲ ಕಣೇ ಹಾಲೂ... ಕುದ್ಸಿಲ್ಲ ಕಣೇ' ಅಂದ್ಲು. ಬೆರಳನ್ನ ಸೀರೆಗೆ ಒರಸ್ಕಂಡು, ಒರಸ್ಕಂಡು, ಕೂಸನ್ನ ಎದೆಗೆ ಒತ್ಕೊಂಡು ಅಲ್ಲೇ ಕೂತು ಅತ್ಲು. ಜೀವ ಇರೋವರೆಗೆ ಅವಳು ನೀರು ಕುಡಿಯೋ ಮುಂಚೆ ಬಾಗಿಲ ಕಡೆ ತಿರುಗಿ 'ಕುದ್ಸಿದೀನಿ ಕಣೇ' ಅಂತ ಹೇಳಿಯೇ ಕುಡೀತಿದ್ದಿದ್ದು. ಕೂಸನ್ನ ಅದರ ಚಿಕ್ಕಮ್ಮ ಆನಂದಪುರಕ್ಕೆ ಕರ್ಕಂಡು ಹೋದ್ಲು. ಬದುಕಿದೆ. ಶಾಲೆಗೆ ಹೋಗ್ತದೆ.

"ಆಮೇಲೆ ಕೇರೀಲಿ ಎಲ್ಲಾ ಮನೇಲೂ ಕೇಳ್ತು. ಯಾರು ಹಸಿನೀರು ಬಾಯಿಗೆ ಎತ್ತಿದ್ರೂ ಬೆನ್ನ ಹಿಂದೆ ಅದೇ ಮಾತು. ಕುದ್ಸಿದ ಮನೇಲಿ ಕೇಳ್ತಿರ್ಲಿಲ್ಲ. ಬದುಕಿದ್ದಾಗ ನಗಾಡಿದೋರು ಸತ್ತ ಮೇಲೆ ಅವಳ ಮಾತು ಕೇಳಿದ್ವಿ ನೋಡಿ... ಎಲ್ಲರ ಒಲೆ ಮೇಲೂ ಹಂಡೆ ಹತ್ತಿತು, ವಾಂತಿ-ಭೇದಿ ನಿಂತ್ಹೋಯ್ತು. ಆಮೇಲೆ ಗುಡ್ಡದ ಮೇಲೆ ಬಾವಿ ತೋಡಿದ್ವಿ. ಹಳ್ಳದ ನೀರು ಯಾರೂ ತರಲ್ಲ ಈಗ. ಅವಳೂ ಇಲ್ಲಿ ಕೇಳೋದು ಬಿಟ್ಲು."

"ಮುಕ್ತಿ ಸಿಕ್ತು ಅನ್ನಿ, ಪಾಪ" ಎಂದರು ತಿಮ್ಮಣ್ಣನವರು.

"ಎಲ್ಲಿ ಮುಕ್ತಿ? ಪೈಪು ಹಂಗೇ ಇದೆಯಲ್ಲ. ಈಗ ಇನ್ನೊಂದು ಬಂದು ಸೇರಿದೆ. ಹೊಲಸು ಎಲ್ಲಿಗೆ ಹೋಗ್ತದೋ ಅಲ್ಲಿಗೆ ಅವಳು ಹೋಗ್ಬೇಕು. ಮೊದಲು ಕೆಳಗಿನ ಕೇರೀಲಿ ಕೇಳ್ತಂತೆ, ಆಮೇಲೆ ಅದಕ್ಕೂ ಕೆಳಗೆ... ಹೋಗ್ತಾ ಹೋಗ್ತಾ ಹೊಳೆ ಸೇರಿದ್ಲು. ಹರಿಯೋ ನೀರು ಒಂದು ಕಡೆ ನಿಲ್ಲಲ್ವಲ್ಲ. ಅವಳಿಗೂ ನಿಲ್ಲೋಕಿಲ್ಲ."

ಹೊರಗೆ ಡ್ರೈವರು ಹಾರನ್ ಒತ್ತಿದ. ನೀರು ಇಳಿದಿತ್ತು. ಜನ ಒಬ್ಬೊಬ್ಬರೇ ಎದ್ದರು. ಸದ್ದಿಗೆ ಎಚ್ಚರಾದ ಶರಾವತಿ, "ಅಮ್ಮಾ, ನೀರು" ಎಂದಳು. ನನ್ನ ಕೈ ಅಭ್ಯಾಸದಂತೆ ಫ್ಲಾಸ್ಕಿಗೆ ಹೋಯಿತು.

ಶೇಷಮ್ಮ ನನ್ನನ್ನೇ ನೋಡುತ್ತಿದ್ದರು. "ಒಳಗೆ ಬರುವಾಗ ಬಾಗಿಲಲ್ಲಿ ನಿಂತು 'ಕುದಿಸಿದ್ದು' ಅಂದ್ರಲ್ಲಮ್ಮ... ಯಾರಿಗೆ ಹೇಳಿದ್ರಿ?"

"ನಿಮಗೇ. ನೀವು ಕೇಳಿದಿರಲ್ಲ."

ಅವರ ಕಣ್ಣು ನನ್ನ ಕೈಯ ಫ್ಲಾಸ್ಕಿನ ಮೇಲೆ ಹೋಯಿತು. "ಎಲ್ಲಿಯ ನೀರು ಅದು?"

"ತೀರ್ಥಹಳ್ಳಿಯ ಹೊಳೆಯದು. ಊರಿನ ಕೆಳಗೆ ನಮ್ಮ ಮನೆ."

"ನಾನು ಒಲೆ ಊದ್ತಿದ್ದೆ ಕಣಮ್ಮ. ನಾನು ಕೇಳ್ಲಿಲ್ಲ."

ಅಷ್ಟು ಹೇಳಿ ಅವರು ಹಂಡೆಯಿಂದ ನೀರು ತೋಡಿ, ಎರಡು ಲೋಟಗಳ ನಡುವೆ ಎತ್ತರಿಸಿ ಹೊಯ್ದು ಹೊಯ್ದು ಆರಿಸಿ, ಶರಾವತಿಯ ಕೈಗೆ ಕೊಟ್ಟರು. ಅವಳು ಉಸಿರು ತೆಗೆಯದೆ ಕುಡಿದಳು. ನಾನು ಫ್ಲಾಸ್ಕು ಹಿಡಿದುಕೊಂಡು ಹೊರಗೆ ಬಂದು, ಸೇತುವೆಯ ಕಡೆ ನಾಲ್ಕು ಹೆಜ್ಜೆ ಹೋಗಿ, ಮುಚ್ಚಳ ತಿರುಗಿಸಿದೆ.

"ಅಯ್ಯೋ, ಅಲ್ಲಿ ಬೇಡಿ! ಹಳ್ಳಕ್ಕೆ ಹಾಕ್ಬೇಡಿ!" ಶೇಷಮ್ಮ ಬಾಗಿಲಿಗೆ ಬಂದು ಕೂಗಿದರು. ಆಮೇಲೆ ದನಿ ತಗ್ಗಿಸಿ, ಯಾರಿಗೋ ಎಚ್ಚರಾದೀತು ಎನ್ನುವಂತೆ ಹೇಳಿದರು: "ಇಲ್ಲಿ, ಮಾಡಿನ ಒಳಗೆ, ಈ ಒಣ ಮಣ್ಣಿಗೆ ಚೆಲ್ಲಿ... ಇಂಗಿ ಹೋಗ್ಲಿ. ನಿಮ್ಮ ನೀರಿನ ಜೊತೆ ಇಷ್ಟು ವರ್ಷಕ್ಕೆ ತಿರುಗಿ ಊರಿಗೆ ಬಂದಿದಾಳೆ. ಹರಿದು ಹೋದ್ರೆ, ಪಾಪ, ಮತ್ತೆ ಅದರ ಹಿಂದೆ ನಡೀಬೇಕು."